ಟೆಸ್ಟರಿನ ಅನುಮಾನ

ಶೇಂಗಾ ಎಣ್ಣೆ ಗಿರಣಿಯ ದೊಡ್ಡ ಮೋಟಾರು ನಿಂತುಹೋಗಿತ್ತು. ಫಿಟ್ಟರ್ ಗುರುಬಸಪ್ಪ ಅದರ ಮೇನ್ ಸ್ವಿಚ್ಚಿನ ಹಿಡಿ ಕೆಳಗೆಳೆದು ಆಫ್ ಮಾಡಿ, ಮೋಟಾರಿನ ಮುಚ್ಚಳ ಬಿಚ್ಚಿ, ಒಳಗಿನ ತಂತಿಗಳಿಗೆ ಟೆಸ್ಟರ್ ಮುಟ್ಟಿಸಿದ. ಅದರ ದೀಪ ಹತ್ತಲಿಲ್ಲ.

"ಬನ್ನಿ, ನಾನು ನಿದ್ದೆಯಲ್ಲಿದ್ದೇನೆ," ಎಂದಿತು ಮೋಟಾರು.

"ನಿದ್ದೆಯಲ್ಲಿರುವವರು ಯಾರನ್ನೂ ಕರೆಯುವುದಿಲ್ಲ," ಎಂದಿತು ಟೆಸ್ಟರ್.

ಸದಾ ಬಾಯಿ ತೆರೆದೇ ಇರುವ ಸ್ಪ್ಯಾನರಿಗೆ ಸಿಟ್ಟು ಬಂತು. "ಕರೆಂಟಿದ್ದರೆ ನೀನು ಹತ್ತುತ್ತಿದ್ದೆ. ಹತ್ತಲಿಲ್ಲ. ಮೌನವೇ ಸಮ್ಮತಿ. ಆಚೆ ಸರಿ, ನಟ್ಟು ಬಿಚ್ಚಬೇಕು."

"ಸತ್ತವರೂ ಮೌನವಾಗಿಯೇ ಇರುತ್ತಾರೆ. ಗುರುಬಸಪ್ಪನವರೇ, ಮೊದಲು ನನ್ನನ್ನು ಕರೆಂಟ್ ಇದ್ದೇ ಇರುವ ಕಡೆ ಹಚ್ಚಿ ನೋಡಿ."

"ಸ್ವಿಚ್ಚಿನ ಮೇಲೆ ಅನುಮಾನ, ಮೋಟಾರಿನ ಮೇಲೆ ಅನುಮಾನ. ಈಗ ನಿನ್ನ ಮೇಲೂ?" ಎಂದಿತು ಸ್ಪ್ಯಾನರ್.

"ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆಯೇ."

"ನೋಡಿಯೇ ಬಿಡೋಣ," ಎಂದು ಗುರುಬಸಪ್ಪ, ಪಕ್ಕದಲ್ಲಿ ತಿರುಗುತ್ತಿದ್ದ ಫ್ಯಾನಿನ ಪ್ಲಗ್ ಕಿತ್ತು, ಆ ಸಾಕೆಟ್ಟಿಗೆ ಟೆಸ್ಟರ್ ಇಟ್ಟ. ಅಲ್ಲಿಯೂ ಹತ್ತಲಿಲ್ಲ. ಅವನು ಪೆಟ್ಟಿಗೆಯಿಂದ ಹೊಸ ಟೆಸ್ಟರ್ ತೆಗೆದ. ಅದು ಸಾಕೆಟ್ಟಿನಲ್ಲಿ ಹತ್ತಿತು. ಮೋಟಾರಿನ ತಂತಿಗೆ ಮುಟ್ಟಿಸಿದಾಗಲೂ ಹತ್ತಿತು. ಸ್ವಿಚ್ಚಿನ ಹಿಡಿ ಕೆಳಗಿಳಿದಿದ್ದರೂ ಒಳಗೆ ಒಂದು ಫೇಸಿನ ಸಂಪರ್ಕ ಕಡಿಯದೆ ಅಂಟಿಕೊಂಡೇ ಇತ್ತು; ಮೋಟಾರಿಗೆ ಕರೆಂಟ್ ಬರುತ್ತಲೇ ಇತ್ತು.

ಮೋಟಾರು ಮತ್ತೆ ನಿದ್ದೆಯ ಮಾತೆತ್ತಲಿಲ್ಲ.

ಸ್ಪ್ಯಾನರ್ ಹಳೆಯ ಟೆಸ್ಟರನ್ನು ಮೆಲ್ಲಗೆ ಕೇಳಿತು: "ನಿನ್ನ ದೀಪ ಹೋಗಿದೆಯೆಂದು ನಿನಗೆ ಹೇಗೆ ಗೊತ್ತಾಯಿತು?"

"ಗೊತ್ತಿರಲಿಲ್ಲ," ಎಂದಿತು ಅದು. "ಅದಕ್ಕೇ ಹಚ್ಚಿ ನೋಡಿ ಎಂದೆ."