ತಿಪ್ಪವ್ವನ ಹೂವಿಲ್ಲದ ಪಟ್ಟಿ

ನಮ್ಮ ಅಜ್ಜಿಯ ಅಜ್ಜಿಗೂ ನೆನಪಿಲ್ಲದಷ್ಟು ಹಿಂದೆ, ಹಳ್ಳದ ದಂಡೆಯ ಒಂದು ನೇಕಾರರ ಊರಿನಲ್ಲಿ ತಿಪ್ಪವ್ವ ಎಂಬಾಕೆ ಇದ್ದಳಂತೆ. ಆಕೆ ನೇಯ್ದ ಹೂವಿಗೆ ದುಂಬಿಗಳು ಬಂದು ಕೂರುತ್ತಿದ್ದವಂತೆ.

ಆ ಊರಲ್ಲಿ ಕೂಸು ಹುಟ್ಟಿದ ಮೇಲೆ ತೊಟ್ಟಿಲಿಗೆಂದು ಒಂದು ಉದ್ದನೆಯ ಬಟ್ಟೆ ನೇಯುತ್ತಿದ್ದರು. ಎರಡೂ ಕಡೆ ಹೂವು, ನಟ್ಟನಡುವೆ ಹೂವಿಲ್ಲದ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಬರೀ ಅದೇ ಎಳೆ, ಮತ್ತೆ ಅದೇ ಎಳೆ, ಮತ್ತೆ ಅದೇ. ತೊಟ್ಟಿಲ ದಿನ ಬೀಗತಿಯರಿಬ್ಬರೂ ಎರಡು ತುದಿ ಹಿಡಿದು ಎಳೆಯಬೇಕು. ಬಟ್ಟೆ ಆ ಪಟ್ಟಿಯಲ್ಲೇ ಸರಿಯಾಗಿ ಎರಡಾಗಬೇಕು. ಅರ್ಧ ತವರಿಗೆ, ಅರ್ಧ ಗಂಡನ ಮನೆಗೆ.

ತಿಪ್ಪವ್ವನ ಮಗಳು ದೇವಕ್ಕ ಹೆತ್ತಾಗ ತಿಪ್ಪವ್ವನೇ ನೇಯ್ದ ಬಟ್ಟೆ ತೊಟ್ಟಿಲ ದಿನ ಓರೆಯಾಗಿ ಹರಿಯಿತಂತೆ. ಪಟ್ಟಿಯೆಲ್ಲ ಒಂದೇ ಕಡೆ ಹೋಯಿತು. ತಿಂಗಳುಗಳು ಉರುಳಿದರೂ ಕೂಸಿನ ಕತ್ತು ನಿಲ್ಲಲಿಲ್ಲ. ಕಣ್ಣು ತುಸು ಓರೆ, ನಾಲಿಗೆ ಸದಾ ಹೊರಗೆ.

ಬೀಗತಿ ರಾಚವ್ವ ಸೊಸೆಯನ್ನೂ ಕೂಸನ್ನೂ ತಂದು ತಿಪ್ಪವ್ವನ ಹೊಸ್ತಿಲಲ್ಲಿ ನಿಲ್ಲಿಸಿದಳು.

“ನಿನ್ನ ಕೈ ತಪ್ಪಿತು, ಬೀಗತಿ. ಅದಕ್ಕ ಕೂಸು ಹಿಂಗಾತು. ಇಬ್ಬರನ್ನೂ ನೀನ ಇಟ್ಟಕೋ.”

ತಿಪ್ಪವ್ವ ಅಂಥದೇ ಇನ್ನೊಂದು ಬಟ್ಟೆ ನೇಯಲು ಕೂತಳು. ಬಟ್ಟೆ ನೇಯ್ದದ್ದು ಕೂಸು ಹುಟ್ಟಿದ ಮೇಲಲ್ಲವೇ? ಹಾಗಾದರೆ ತಪ್ಪಿದ್ದು ಎಲ್ಲಿ? ನೇಯ್ದಳು, ಬಿಚ್ಚಿದಳು, ಮತ್ತೆ ನೇಯ್ದಳು. ಹೂವಿನಲ್ಲಿ ಎಂದೂ ತಡವರಿಸದ ಕೈ ಪಟ್ಟಿಗೆ ಬಂದೊಡನೆ ಗಲಿಬಿಲಿಗೊಳ್ಳುತ್ತಿತ್ತು. ಎಲ್ಲ ಎಳೆಯೂ ಒಂದೇ ಥರ. ಇದು ಹಾಕಿ ಆದದ್ದೋ, ಇನ್ನೂ ಹಾಕಬೇಕಾದದ್ದೋ? ಒಮ್ಮೆ ಪಟ್ಟಿ ಅಗಲವಾಯಿತು, ಒಮ್ಮೆ ಕಿರಿದಾಯಿತು. ಬಸಿರಿನೊಳಗೂ ಇಂಥದೇ ಒಂದು ನೇಯ್ಗೆ ಇದೆಯೇನೋ, ತಾಯಿಯ ಎಳೆ, ತಂದೆಯ ಎಳೆ ಹಂಚುವಾಗ ಅಲ್ಲಿಯೂ ನಡುವಿನ ಪಟ್ಟಿ ಕೈಕೊಡುತ್ತದೆಯೇನೋ ಎಂದು ಅವಳಿಗೆ ಅನ್ನಿಸಿತಂತೆ. ಹೌದೋ ಅಲ್ಲವೋ, ಯಾರನ್ನು ಕೇಳುವುದು?

ಕಡೆಗೆ ರಾಚವ್ವನನ್ನೇ ಕರೆಸಿ ಮಗ್ಗಕ್ಕೆ ಕೂರಿಸಿದಳು. ರಾಚವ್ವನೂ ಹೆಸರಾದ ನೇಕಾರ್ತಿಯೇ. ಮೂತಿ ತಿರುವಿಕೊಂಡೇ ನೇಯ್ದಳು. ಇಬ್ಬರೂ ತುದಿ ಹಿಡಿದು ಎಳೆದರು. ಬಟ್ಟೆ ಓರೆಯಾಗಿ ಹರಿಯಿತು.

“ನನ್ನ ಕೈ ತಪ್ಪಿಲ್ಲವ್ವಾ!” ಎಂದು ರಾಚವ್ವ ಕೂಗಿದಳಂತೆ. “ಅದು ತಾನ ಜಾರಿತು!”

ತಿಪ್ಪವ್ವ ಕೂಸನ್ನು ತಂದು ರಾಚವ್ವನ ತೊಡೆಯ ಮೇಲಿಟ್ಟಳು. ಕೂಸು ಅಜ್ಜಿಯ ಮೂಗುತಿಗೆ ಕೈ ಹಾಕಿ ನಕ್ಕಿತು. ಸಂಜೆ ಸೊಸೆಯನ್ನು ಕರೆದುಕೊಂಡು ಮನೆಗೆ ಹೊರಟಾಗ ಕೂಸು ರಾಚವ್ವನ ಕಂಕುಳಲ್ಲೇ ಇತ್ತಂತೆ.

ಇಂದಿಗೂ ಆ ಊರಲ್ಲಿ ತೊಟ್ಟಿಲ ಬಟ್ಟೆ ಓರೆಯಾಗಿ ಹರಿದರೆ ಯಾರೂ “ತಪ್ಪಿತು” ಎನ್ನುವುದಿಲ್ಲ, “ಜಾರಿತು” ಎನ್ನುತ್ತಾರೆ. ಆ ಎರಡು ತುಂಡನ್ನು ತವರಿಗೂ ಗಂಡನ ಮನೆಗೂ ಹಂಚುವುದಿಲ್ಲ. ಗಂಟು ಹಾಕಿ, ಇಡೀ ಬಟ್ಟೆಯನ್ನು ಕೂಸಿಗೇ ಹಾಸುತ್ತಾರೆ.