ಬೋರಲಿಂಗ ಮಕ್ಕಳಿಗೆ ಬಸವನ ಹಾಡು ಕಲಿಸಿದ್ದು

ಶಿವನಿಗೊಂದು ಬಿಲ್ವಪತ್ರೆ, ಬಸವನಿಗೊಂದು ಹಿಡಿ ಹುಲ್ಲು, ಕೂತು ಕೇಳುವ ನಿಮಗೊಂದು ಕತೆ. ದೀಪಕ್ಕೆ ಕೈ ಮುಗಿದಿರಾ? ಹಾಗಾದರೆ ಕೇಳಿ.

ಒಂದೂರಲ್ಲಿ ಸಣ್ಣತಾಯಮ್ಮ ಅಂತ ಒಬ್ಬ ತಾಯಿ. ಅವಳಿಗೊಬ್ಬನೇ ಮಗ, ಬೋರಲಿಂಗ. ಆಳು ಅಂದರೆ ಆಳು, ಬಾಗಿಲಿಗೆ ತಲೆ ತಗಲುವಷ್ಟು ಎತ್ತರ. ಶಿವ ಅವನನ್ನು ಮಾಡುವಾಗ ಒಳ್ಳೇ ಮೈ ಕೊಟ್ಟ, ಒಳ್ಳೇ ದನಿ ಕೊಟ್ಟ, ಹಾಲಿನಂಥ ಮನಸ್ಸು ಕೊಟ್ಟ. ಇನ್ನೇನು ಬುದ್ಧಿ ಹಾಕಬೇಕು, ಅಷ್ಟರಲ್ಲಿ ಯಾರೋ ಭಕ್ತರು ಕೂಗಿದರೋ ಏನೋ, ಎದ್ದು ಹೋಗಿಬಿಟ್ಟ! ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು ಬೋರಲಿಂಗ. ಒಂದು ಕೂದಲು ಆಚೆ ಇಲ್ಲ, ಒಂದು ಕೂದಲು ಈಚೆ ಇಲ್ಲ.

ಸಣ್ಣತಾಯಮ್ಮ ಶಿವನ ಗುಡಿಯ ದಾಸೋಹದಲ್ಲಿ ಅಡುಗೆ ಮಾಡುತ್ತಿದ್ದಳು. ಒಲೆ ಊದುತ್ತಾ ದಿನಾ ಒಂದೇ ಮಾತು: “ಅಪ್ಪಾ ಶಿವನೇ, ನಾನು ಕಣ್ಣು ಮುಚ್ಚಿದ ಮೇಲೆ ಈ ನನ್ನ ಮಗನಿಗೆ ಯಾರಪ್ಪಾ ಎಲೆ ಹಾಕ್ತಾರೆ?”

ಶಿವ ಕೇಳದೆ ಇರುತ್ತಾನೆಯೇ? ಒಂದು ದಿನ ಪೂಜೆಯ ರಾಚಯ್ಯನವರು ಮಂಡಿ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಕಾರ್ತಿಕದಲ್ಲಿ ಊರ ಪುಟ್ಟ ಮಕ್ಕಳಿಗೆ ಹಾಡು ಕಲಿಸುವವರು ಅವರೇ.

“ತಾಯಮ್ಮ, ಮಕ್ಕಳಿಗೆ ಹಾಡು ಕಿವಿಯಿಂದ ಇಳಿಯೋದಿಲ್ಲ, ಕಾಲಿಂದ ಹತ್ತುತ್ತೆ. ಕುಣೀಬೇಕು, ಓಡಬೇಕು, ಆಡಬೇಕು. ಈ ವರ್ಷ ನನ್ನ ಮಂಡಿ ಮಾತು ಕೇಳ್ತಾ ಇಲ್ಲ. ನಿನ್ನ ಮಗನ್ನ ಕಳಿಸು. ನಾನು ಕೂತು ದಮ್ಮಡಿ ಬಾರಿಸ್ತೀನಿ, ಅವನು ಕುಣಿಸಲಿ. ಕಡೇ ಸೋಮವಾರ ಮಠದ ಸ್ವಾಮಿಗಳ ಮುಂದೆ ಮಕ್ಕಳು ಹಾಡಿಬಿಟ್ಟರೆ, ಇವನನ್ನ ಗುಡಿಗೇ ಇಟ್ಟುಕೊಳ್ಳಿ ಬುದ್ಧೀ ಅಂತ ನಾನೇ ಕೇಳ್ತೀನಿ. ಬದುಕಿರೋ ತನಕ ಅವನ ಎಲೆ ಇಲ್ಲೇ.”

“ಹಾಡದೆ ಹೋದರೆ, ಅಯ್ನೋರೇ?”

“ಹೋದರೆ ಪಕ್ಕದೂರಿಂದ ಬೇರೆ ಯಾರನ್ನಾದರೂ ಕರೆಸ್ತಾರೆ, ಇನ್ನೇನು!”

ಸಣ್ಣತಾಯಮ್ಮ ಮಗನ ತಲೆ ಸವರಿದಳು. “ಕೇಳಿದ್ಯಾ ಮಗ? ಅಯ್ನೋರು ಹೇಳಿದ ಹಾಗೇ ಮಾಡು!”

“ಸರಿ ಕಣವ್ವ, ಹೇಳಿದ ಹಾಗೇ ಮಾಡ್ತೀನಿ!”

ಮಾರನೇ ದಿನ ಮಕ್ಕಳೆಲ್ಲ ಗುಡಿ ಅಂಗಳಕ್ಕೆ ಬಂದವು. ರಾಚಯ್ಯನವರು ಜಗುಲಿಯ ಮೇಲೆ ಕೂತು ದಮ್ಮಡಿ ಎತ್ತಿಕೊಂಡರು. “ನೋಡಪ್ಪಾ, ನೀನೇ ಬಸವ. ತಲೆ ತೂಗ್ತಾ, ಹೆಜ್ಜೆ ಹಾಕ್ತಾ, ಹಾಡ್ಕೊಂಡು ಮುಂದೆ ನಡಿ. ಮಕ್ಕಳು ನಿನ್ನ ನೋಡ್ಕೊಂಡು ಹಿಂದೆ ಬರ್ತವೆ.”

ಬೋರಲಿಂಗ ನಡೆದ.

*ಬಾ ಬಾ ಬಸವಣ್ಣ, ಗೆಜ್ಜೆ ಕಟ್ಟಿ ಬಾರಣ್ಣ!*
*ತಲೆಯ ತೂಗಿ ಬಾರಣ್ಣ, ಹೆಜ್ಜೆ ಹಾಕಿ ಬಾರಣ್ಣ!*
*ಬೆನ್ನ ಮೇಲೆ ಶಿವನ ಹೊತ್ತು ನಮ್ಮ ಕೇರಿಗೆ ಬಾರಣ್ಣ!*

ಮುಂದೆ ಬೋರಲಿಂಗ, ಹಿಂದೆ ಮಕ್ಕಳು. ಅಂಗಳ ದಾಟಿತು, ಬಾವಿ ದಾಟಿತು, ಕಬ್ಬಿನ ಗದ್ದೆ ಬಂತು.

“ಲೋ ಬೋರಲಿಂಗಾ, ಎಲ್ಲಿಗೋ?” ರಾಚಯ್ಯನವರು ಕೂಗಿದರು.

“ಮುಂದಕ್ಕೆ ಅಯ್ನೋರೇ!”

ಸಂಜೆ ತಾಯಂದಿರು ಹುಡುಕಿಕೊಂಡು ಹೋದರೆ, ಮಕ್ಕಳು ಪಕ್ಕದೂರಿನ ಹುಲ್ಲುಮೆದೆಯ ಕೆಳಗೆ ಕೂತಿದ್ದವು. ಆ ಊರಿನವರು ಕೊಟ್ಟ ಕಡಲೆಕಾಯಿ ತಿನ್ನುತ್ತಾ, ಇನ್ನೂ ತಲೆ ತೂಗುತ್ತಾ, ಇನ್ನೂ ಹಾಡುತ್ತಾ!

“ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದೋನೇ!” ಸಣ್ಣತಾಯಮ್ಮ ಎದೆ ಬಡಿದುಕೊಂಡಳು. “ಊರು ಬಿಟ್ಟು ಊರಿಗೆ ಹೋಗ್ತಾರೇನೋ? ಅಂಗಳದಲ್ಲಿ ಸುತ್ತ ರಂಗೋಲಿ ಗೆರೆ ಎಳೆದು, ಅದರೊಳಗೇ ಆಡಿಸಬೇಕಿತ್ತು! ಏನೇ ಆದರೂ ಗೆರೆ ದಾಟಬಾರದಿತ್ತು!”

“ಸರಿ ಕಣವ್ವ, ಹೇಳಿದ ಹಾಗೇ ಮಾಡ್ತೀನಿ!”

ಮಾರನೇ ದಿನ ಎಳೆದ ನೋಡಿ ಗೆರೆ! ಅಂಗಳದಷ್ಟು ದೊಡ್ಡ ದುಂಡು. ರಾಚಯ್ಯನವರು ಒಂದು ಆಟ ಹೇಳಿಕೊಟ್ಟರು. ದಮ್ಮಡಿ ಬಾರಿಸುವ ತನಕ ಹಾಡುತ್ತಾ ಸುತ್ತಬೇಕು. ದಮ್ಮಡಿ ನಿಂತಿತೋ, ಇದ್ದಲ್ಲೇ ಕಲ್ಲಾಗಬೇಕು. ಯಾರು ಅಲ್ಲಾಡಿದರೋ ಅವರೊಬ್ಬರೇ ಹಾಡು ಹೇಳಬೇಕು. ಮಕ್ಕಳಿಗೆ ಏನು ಖುಷಿ! ಹಾಡೋದಕ್ಕೆ ಅಂತಲೇ ಬೇಕುಬೇಕೂಂತ ಅಲ್ಲಾಡುತ್ತಿದ್ದವು.

ಹೀಗಿರುವಾಗ ರಾಚಯ್ಯನವರು ದೀಪಕ್ಕೆ ಎಣ್ಣೆ ಹಾಕಲು ಒಳಗೆ ಹೋದರು. ಆಗ ಬಂತಪ್ಪಾ ಗೌಡರ ಹಸು! ಜಗುಲಿಯ ಮೇಲಿದ್ದ ಪೂಜೆಯ ಬುಟ್ಟಿಗೆ ಬಾಯಿ ಹಾಕಿತು.

“ಬೋರಣ್ಣಾ, ಹಸು!” ಅಂದಳು ಪುಟಾಣಿ ಕೆಂಪಿ.

“ನೋಡಿದೆ.”

“ಹೂವಿನ ಹಾರ ತಿಂತಾ ಅದೆ!”

“ತಿನ್ನಲಿ.”

“ಬಾಳೆಹಣ್ಣೂ ತಿಂತಾ ಅದೆ! ಓಡಿಸು ಬೋರಣ್ಣಾ!”

“ಹ್ಯಾಗವ್ವಾ ಓಡಿಸ್ಲಿ? ಅದಕ್ಕೆ ಗೆರೆ ಇಲ್ಲ, ನಮಗೆ ಅದೆ. ನೀನು ಹಾಡು ಹೇಳು.”

ರಾಚಯ್ಯನವರು ಬಂದು ನೋಡುತ್ತಾರೆ, ಬುಟ್ಟಿ ಖಾಲಿ! “ಲೋ, ಕಣ್ಣು ಕಾಣಲಿಲ್ಲವೇನೋ!”

“ಕಾಣ್ತು ಅಯ್ನೋರೇ. ಹಾಡು ಕೇಳಿ ಅದೂ ತಲೆ ತೂಗ್ತು. ನಮಗಿಂತ ಚೆನ್ನಾಗಿ!”

“ಶಿವ ಶಿವಾ!” ರಾಚಯ್ಯನವರು ಹಣೆ ಚಚ್ಚಿಕೊಂಡರು. “ಅಂಗಳಕ್ಕೆ ಯಾವುದಾದರೂ ನುಗ್ಗಿದರೆ ಮಕ್ಕಳನ್ನೆಲ್ಲ ಕೂಡಿಸಿಕೊಂಡು, ಚಪ್ಪಾಳೆ ತಟ್ಟಿ, ಹೋ ಅಂತ ಕೂಗಿ, ಬೇಲಿಯಾಚೆ ಅಟ್ಟಬೇಕು ಕಣೋ! ನಿನ್ನ ಗೆರೆಗೆ ಬೆಂಕಿ ಬೀಳ!”

“ಸರಿ ಅಯ್ನೋರೇ, ಹೇಳಿದ ಹಾಗೇ ಮಾಡ್ತೀನಿ!”

ಅದರ ಮಾರನೇ ದಿನ ಚಪ್ಪಾಳೆಯ ಪಾಠ. ಒಂದು ಹೆಜ್ಜೆಗೊಂದು ಚಪ್ಪಾಳೆ, ತಲೆ ತೂಗಿದರೆ ಎರಡು. ರಾಚಯ್ಯನವರು ಗುಡಿಯೊಳಗೆ ಪೂಜೆಗೆ ಹೋಗಿದ್ದರು, ಅಂಗಳದಲ್ಲಿ ಪಾಠ ನಡೆಯುತ್ತಿದೆ, ಅಷ್ಟರಲ್ಲಿ ಮಠದ ಸ್ವಾಮಿಗಳೇ ಬರಬೇಕೇ! ಮಕ್ಕಳು ಹಾಡುತ್ತಾ ಪಕ್ಕದೂರಿಗೇ ಹೋದ ಸುದ್ದಿ ಕೇಳಿ, ನೋಡಿಯೇ ಬರೋಣ ಅಂತ ಒಬ್ಬರೇ ಬಂದಿದ್ದರು. ತುಂಬಿದ ಮೈ, ಕಾವಿ ಬಟ್ಟೆ, ಕೈಯಲ್ಲಿ ಬೆತ್ತ. ಮೆಲ್ಲಗೆ ಅಂಗಳಕ್ಕೆ ಕಾಲಿಟ್ಟರು.

“ನುಗ್ತು! ನುಗ್ತು! ಬನ್ರೋ ಮಕ್ಕಳಾ!” ಬೋರಲಿಂಗ ಕೂಗಿದ. “ಹೋ!”

“ಹೋ! ಹೋ!” ಚಪ್ಪಾಳೆ ತಟ್ಟಿಕೊಂಡು ಮಕ್ಕಳು ನುಗ್ಗಿದವು. ಸ್ವಾಮಿಗಳು ಎರಡು ಹೆಜ್ಜೆ ಹಿಂದೆ ಹೋದರು. ಮಕ್ಕಳು ಎರಡು ಹೆಜ್ಜೆ ಮುಂದೆ ಬಂದವು. ಸ್ವಾಮಿಗಳು ಕಾವಿ ಎತ್ತಿ ಕಟ್ಟಿದರು, ಓಡಿದರು, ಬೇಲಿ ದಾಟಿದರು! ಪಾದುಕೆ ಈಚೆ, ಪಾದ ಆಚೆ.

“ಯಾರಪ್ಪಾ ನೀನು?” ಬೇಲಿಯಾಚೆಯಿಂದ ಏದುಸಿರಲ್ಲಿ ಕೇಳಿದರು.

“ಬಸವ, ಬುದ್ಧೀ!”

ಸಣ್ಣತಾಯಮ್ಮ ಸೌಟು ಹಿಡಿದೇ ಓಡಿ ಬಂದು ಸ್ವಾಮಿಗಳ ಕಾಲಿಗೆ ಬಿದ್ದಳು. “ತಪ್ಪಾಯ್ತು ಬುದ್ಧೀ! ಪೆದ್ದು ಮುಂಡೇದು ಬುದ್ಧೀ! ಹೊಟ್ಟೆಗೆ ಹಾಕ್ಕೊಳ್ಳಿ!”

ಸ್ವಾಮಿಗಳು ಶಿವಭಕ್ತರು, ಕೋಪ ಅವರ ಹತ್ತಿರ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. “ಏಳು ತಾಯಿ. ಅಟ್ಟಿದ್ದು ಅಟ್ಟಿದರು, ತಾಳ ಮಾತ್ರ ಒಂದು ಕಡೆಯೂ ತಪ್ಪಲಿಲ್ಲ. ಸೋಮವಾರ ಹಾಡು ಕೇಳ್ತೀನಿ. ಇವನ ವಿಚಾರ ಅವತ್ತು ಹೇಳ್ತೀನಿ.”

ಅವರು ಹೋದ ಮೇಲೆ ಸಣ್ಣತಾಯಮ್ಮ ಮಗನ ಕಿವಿ ಹಿಡಿದಳು. “ಎಲ್ಲಾ ಸೋಮವಾರದ ಮೇಲೆ ನಿಂತದೆ ಕಣೋ! ದೊಡ್ಡೋರು ಕಂಡರೆ ಅಟ್ಟೋದಲ್ಲ, ಮೈಯೆಲ್ಲ ನೆಲಕ್ಕೆ ಹಾಕಿ ಅಡ್ಡ ಬೀಳಬೇಕು! ನಿನಗಿಂತ ಮೊದಲು ಬಿದ್ದ ದೊಡ್ಡೋರು ಏಳೋ ತನಕ ನೀನು ಏಳಬಾರದು!”

“ಸರಿ ಕಣವ್ವ, ಹೇಳಿದ ಹಾಗೇ ಮಾಡ್ತೀನಿ!”

ಬಂತು ಕಡೇ ಸೋಮವಾರ. ಗುಡಿ ತುಂಬ ದೀಪ, ಅಂಗಳ ತುಂಬ ಜನ. ಮುಂದೆ ಸ್ವಾಮಿಗಳು, ಪಕ್ಕದಲ್ಲಿ ಗೌಡರು. ಅಡುಗೆಮನೆ ಬಾಗಿಲಲ್ಲಿ ಸಣ್ಣತಾಯಮ್ಮ, ಸೆರಗಿನ ತುದಿ ಬಾಯಲ್ಲಿ, ಜೀವ ಕೈಯಲ್ಲಿ.

ದಮ್ಮಡಿ ನುಡಿಯಿತು. ಗೆಜ್ಜೆ ಕಟ್ಟಿಕೊಂಡು ಬಂದವು ನೋಡಿ ಮಕ್ಕಳು! ಒಂದು ಪದ ತಪ್ಪಲಿಲ್ಲ, ಒಂದು ಹೆಜ್ಜೆ ತಪ್ಪಲಿಲ್ಲ. ಊರಿಂದೂರಿಗೆ ನಡೆದು ಕಲಿತ ಹಾಡು, ಹಸುವಿಗೆ ಹಾಡಿ ಕಲಿತ ಹಾಡು, ತಪ್ಪುವುದಾದರೂ ಹೇಗೆ? ಕೊನೆಯ ಸಾಲು ಬಂತು: *ಬೆನ್ನ ಮೇಲೆ ಶಿವನ ಹೊತ್ತು...*

ಆಗ ಬೋರಲಿಂಗ ತಲೆ ಎತ್ತಿ ನೋಡಿದ. ಎಲ್ಲಿ ನೋಡಿದರೂ ದೊಡ್ಡವರು! ದೊಪ್ಪನೆ ನೆಲಕ್ಕೆ ಬಿದ್ದ. ಬಸವನೇ ಬಿದ್ದ ಮೇಲೆ? ಮಕ್ಕಳೂ ದೊಪ್ಪ ದೊಪ್ಪನೆ ಬಿದ್ದವು. ಮೂಗು ನೆಲಕ್ಕೆ ಒತ್ತಿಕೊಂಡೇ ಹಾಡು ಮುಗಿಸಿದವು: *ನಮ್ಮ ಕೇರಿಗೆ ಬಾರಣ್ಣ!*

“ಅಬ್ಬಬ್ಬಾ, ಎಂಥಾ ಭಕ್ತಿ!” ಅಂದಳು ಒಬ್ಬ ಅಜ್ಜಿ. ಅವಳೂ ಅಡ್ಡ ಬಿದ್ದಳು. ಅಜ್ಜಿ ಬಿದ್ದಳಲ್ಲಾ ಅಂತ ಗೌಡರು ಬಿದ್ದರು. ಗೌಡರು ಬಿದ್ದರಲ್ಲಾ ಅಂತ ಊರೇ ಬಿತ್ತು. ರಾಚಯ್ಯನವರು ಮಂಡಿ ಮರೆತು ಬಿದ್ದರು. ಸ್ವಾಮಿಗಳ ಕಣ್ಣಲ್ಲಿ ನೀರು ಬಂತು, ಶಿವನ ಕಡೆ ತಿರುಗಿ ಅವರೂ ಬಿದ್ದರು. ಈಗ ಏಳಿ ಅನ್ನುವವರು ಯಾರು? ಜನ ಗೌಡರು ಏಳಲಿ ಅಂತ, ಗೌಡರು ಸ್ವಾಮಿಗಳು ಏಳಲಿ ಅಂತ, ಸ್ವಾಮಿಗಳು ಮಕ್ಕಳು ಏಳಲಿ ಅಂತ!

ಹೊತ್ತು ಹೋಯಿತು. ಅಡುಗೆಮನೆಯಿಂದ ವಾಸನೆ ಬಂತು.

“ಏಳ್ರಪ್ಪೋ!” ಸಣ್ಣತಾಯಮ್ಮ ಕಿರುಚಿದಳು. “ಪಾಯಸ ತಳ ಹಿಡೀತು!”

ಊರಿಗೆ ಊರೇ ಎದ್ದಿತು, ಮೈ ಕೊಡವಿಕೊಂಡು ನಕ್ಕಿತು. ಸ್ವಾಮಿಗಳಂತೂ ಹೊಟ್ಟೆ ಹಿಡಿದುಕೊಂಡು ನಕ್ಕರು. “ರಾಚಯ್ಯ, ನಾನು ವರ್ಷಗಟ್ಟಲೆ ಪ್ರವಚನ ಹೇಳಿದೆ, ಇಷ್ಟು ತಲೆ ಒಟ್ಟಿಗೆ ಬಾಗಿದ್ದು ಕಾಣಲಿಲ್ಲ. ಇವನು ಇನ್ನು ಗುಡಿಯವನು. ಮಕ್ಕಳಿಗೆ ಹಾಡು ಇವನೇ ಕಲಿಸಲಿ. ಮೊದಲ ಎಲೆ ಇವನಿಗೇ ಹಾಕಿ!”

ಸಣ್ಣತಾಯಮ್ಮ ಅತ್ತಳು, ನಕ್ಕಳು, ಕೈಯಾರೆ ಎಲೆ ಹಾಕಿದಳು, ಪಾಯಸ ಬಡಿಸಿದಳು. ತಿರುಗಿ ನೋಡುತ್ತಾಳೆ, ಮಗ ಇನ್ನೂ ನೆಲದ ಮೇಲೇ ಇದ್ದಾನೆ!

“ಏಳೋ ಮಗ, ನಿನ್ನ ಎಲೆ ಬಂತು! ಬುದ್ಧಿಯೋರೇ ಹೇಳಿದ್ದಾರೆ!”

ಬೋರಲಿಂಗ ಮಲಗಿದಲ್ಲಿಂದಲೇ ಗರ್ಭಗುಡಿಯ ಮುಂದಿನ ಕಲ್ಲಿನ ಬಸವನ ಕಡೆ ಗದ್ದ ಎತ್ತಿ ತೋರಿಸಿದ.

“ಮೆಲ್ಲಗೆ ಮಾತಾಡವ್ವ! ಅಲ್ಲಿ ನೋಡು, ನನಗಿಂತ ಮೊದಲೇ ಬಸವಣ್ಣ ಶಿವನ ಮುಂದೆ ಮಂಡಿ ಊರ್ಕೊಂಡವ್ರೆ. ಅವರೇ ಇನ್ನೂ ಎದ್ದಿಲ್ಲ. ಸರದಿ ತಪ್ಪಿಸಿ ನಾನು ಹ್ಯಾಗವ್ವಾ ಏಳ್ಲಿ?”