ಹನ್ನೊಂದು ಸವೇರಿಯೊಗಳು

"ಗುರುಗಳೇ, ಇಬ್ಬರು ಮಾತು ಬಿಟ್ಟಿದ್ದರೆ ಮೊದಲು ಯಾರು ಮಾತಾಡಬೇಕು? ತಪ್ಪು ಮಾಡಿದವನೋ, ನೊಂದವನೋ?"

ಹೀಗೆ ಕೇಳಿದವನು ನನ್ನ ಹತ್ತಿರ ತಬಲಾ ಕಲಿಯುವ ಗುರುಸಿದ್ಧ. ಮೂವತ್ತು ದಾಟಿದ ಗಂಡಸು. ಅವನೂ ಅವನ ಅಣ್ಣನೂ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಕಾರಣ ಕೇಳಿದರೆ ಇಬ್ಬರೂ ಬೇರೆ ಬೇರೆ ಹೇಳುತ್ತಿದ್ದರು. ನಾನು ಹೋಟೆಲಿನ ಮೇಜಿನ ಮೇಲಿದ್ದ ಗಿರಮಿಟ್ ಮಂಡಕ್ಕಿಯ ತಟ್ಟೆ ಸರಿಸಿ, ಬಸಿಯಲ್ಲಿದ್ದ ಚಹಾ ಮುಗಿಸಿ ಹೇಳತೊಡಗಿದೆ.

ಇಟಲಿ ದೇಶದ ಒಂದು ಗುಡ್ಡದ ಊರಿನಲ್ಲಿ ನಾನು ಹನ್ನೆರಡು ಚಳಿಗಾಲ ಕಳೆದಿದ್ದೇನೆ. ಅಲ್ಲಿಯ ಕಾರ್ನಿವಲ್ ಹಬ್ಬದಲ್ಲಿ ನನ್ನಷ್ಟು ಚೆನ್ನಾಗಿ ವೇಷ ಕಟ್ಟಿದವನು ಇನ್ನೊಬ್ಬನಿಲ್ಲ. ಇದು ಸುಳ್ಳು. ನಾನು ಹುಬ್ಬಳ್ಳಿ ಸ್ಟೇಷನ್ನಿನಿಂದ ಆಚೆ ಹೋದವನಲ್ಲ. ಆ ಊರನ್ನು ಕಂಡದ್ದು ಒಂದು ಕ್ಯಾಲೆಂಡರಿನಲ್ಲಿ, ಅದೂ ಫೆಬ್ರವರಿಯ ಹಾಳೆಯಲ್ಲಿ. ಆದರೆ ಕತೆ ನಿಜ. ಮುಕ್ಕಾಲು ಪಾಲು ನಿಜ.

ಆ ಊರಿನಲ್ಲಿ ಚಳಿಗಾಲ ಮುಗಿಯುತ್ತ ಬಂದಾಗ, ಅವರ ನಲವತ್ತು ದಿನದ ಉಪವಾಸ ಶುರುವಾಗುವ ಮೊದಲು, ಹಬ್ಬ ಮಾಡುತ್ತಾರೆ. ಕೊನೆಯ ದಿನ ಸಂಜೆ, ನಾವು ಕಾಮಣ್ಣನನ್ನು ಸುಡುವ ಹಾಗೆ, ಒಬ್ಬ ಹುಲ್ಲಿನ ರಾಜನನ್ನು ಚೌಕದಲ್ಲಿ ಸುಡುತ್ತಾರೆ. ಅಷ್ಟರವರೆಗೆ ವೇಷದವರು ಮನೆ ಮನೆಗೆ ಹೋಗುತ್ತಾರೆ. ಮುಖಕ್ಕೆ ಮರದ ಮುಖವಾಡ, ಮೈಗೆ ಕುರಿಯ ಚರ್ಮ, ಸೊಂಟಕ್ಕೆ ದನದ ಗಂಟೆ.

ವೇಷದವನು ಮಾತಾಡುವ ಹಾಗಿಲ್ಲ. ಅವನಿಗೆ ಯಾರೂ ಬಾಗಿಲು ಹಾಕುವ ಹಾಗಿಲ್ಲ. ಮನೆಯ ಯಜಮಾನ ಅವನ ನಡಿಗೆ ನೋಡಿ, ಎತ್ತರ ನೋಡಿ, ಹೆಸರು ಊಹಿಸಿ ಹೇಳಬೇಕು. ಊಹೆ ತಪ್ಪಾದರೆ ಒಂದು ಲೋಟ ದ್ರಾಕ್ಷಾರಸ ಕೊಟ್ಟು ಕಳಿಸಬೇಕು. ಸರಿಯಾದರೆ ಅವನು ಮುಖವಾಡ ತೆಗೆದು ಆ ಮನೆಯಲ್ಲಿ ಊಟಕ್ಕೆ ಕೂರಬೇಕು. ಹಾಗೆ ಕೂತವನ ಜೊತೆ ಹಳೆಯ ಜಗಳ ಎತ್ತುವ ಹಾಗಿಲ್ಲ. ಆ ವರ್ಷವಲ್ಲ, ಎಂದೆಂದೂ.

ಆ ಊರಿನಲ್ಲಿ ಅಣ್ಣತಮ್ಮಂದಿರು ಇಬ್ಬರಿದ್ದರು. ಅಣ್ಣ ಮೇಲಿನ ಬೀದಿಯಲ್ಲಿ ಬ್ರೆಡ್ ಸುಡುತ್ತಿದ್ದ. ತಮ್ಮ ಕೆಳಗಿನ ಬೀದಿಯಲ್ಲಿ ಮರದ ಪೀಪಾಯಿ ಮಾಡುತ್ತಿದ್ದ. ತಮ್ಮನ ಹೆಸರು ಸವೇರಿಯೊ. ಅಣ್ಣನ ಹೆಸರು ನನಗೆ ಈ ಕತೆ ಹೇಳಿದವನಿಗೇ ಮರೆತುಹೋಗಿತ್ತು.

ಅಪ್ಪ ಬಿಟ್ಟುಹೋದ ಒಂದು ಹೇಸರಗತ್ತೆಗಾಗಿ ಅವರಿಬ್ಬರೂ ಜಗಳವಾಡಿದರು. ಒಬ್ಬ ಅದನ್ನು ಕೇಳದೆ ಹೊಡೆದುಕೊಂಡು ಹೋದ. ಇನ್ನೊಬ್ಬ ಅವನನ್ನು ಕಳ್ಳ ಎಂದ. ಹೊಡೆದುಕೊಂಡು ಹೋದವನು ಅಣ್ಣ. ಇಲ್ಲ, ಇರು, ತಮ್ಮ. ಇರಲಿ ಬಿಡು. ಹೇಸರಗತ್ತೆ ಮರುವರ್ಷವೇ ಸತ್ತಿತು. ಮಾತು ಬಿಟ್ಟದ್ದು ಮಾತ್ರ ಹಾಗೇ ಉಳಿಯಿತು.

ಇಬ್ಬರಿಗೂ ಮನಸ್ಸಿತ್ತು. ಮೊದಲು ಬಾಯಿ ತೆರೆಯಲು ಇಬ್ಬರಿಗೂ ಆಗದು. ಅಣ್ಣ ಒಂದು ಉಪಾಯ ಹೂಡಿದ. ವೇಷ ಕಟ್ಟಿಕೊಂಡು ತಮ್ಮನ ಮನೆಗೆ ಹೋಗುತ್ತೇನೆ. ನಿಯಮದ ಪ್ರಕಾರ ಅವನೇ ನನ್ನ ಹೆಸರು ಹೇಳಬೇಕು. ಆಗ ಮೊದಲು ಮಾತಾಡಿದವನು ಅವನಾಗುತ್ತಾನೆ. ಹೀಗೆಂದು ಅವನು ಯಾರಿಗೂ ಕಾಣದಂತೆ ಇಗರ್ಜಿಯ ಹಿಂದಿನ ದಾರಿಯಿಂದ ಇಳಿದು ಹೋದ. ತಮ್ಮ ಮನೆಯಲ್ಲಿರಲಿಲ್ಲ.

ತಮ್ಮ ಯಾಕಿರಲಿಲ್ಲ ಎಂದು ಗುರುಸಿದ್ಧ ಕೇಳಿದ. ಯಾಕೆಂದರೆ ತಮ್ಮ ಅದೇ ಹೊತ್ತಿಗೆ, ಅದೇ ಉಪಾಯ ಹೂಡಿ, ವೇಷ ಕಟ್ಟಿಕೊಂಡು, ಮೆಟ್ಟಿಲ ದಾರಿಯಿಂದ ಅಣ್ಣನ ಮನೆಗೆ ಹತ್ತಿ ಹೋಗಿದ್ದ. ಒಂದು ಹೊಟ್ಟೆಯಲ್ಲಿ ಹುಟ್ಟಿದವರಿಗೆ ಎರಡು ಬಗೆಯ ಬುದ್ಧಿ ಎಲ್ಲಿಂದ ಬರಬೇಕು? ಇಬ್ಬರೂ ಇನ್ನೊಬ್ಬನ ಹೆಂಡತಿಯ ಕೈಯಿಂದ ಒಂದು ಲೋಟ ಕುಡಿದು ಮರಳಿದರು. ನಾನು ಬರುತ್ತೇನೆಂದು ತಿಳಿದು ಬೇಕೆಂತಲೇ ಹೊರಗೆ ಹೋಗಿದ್ದಾನೆ ಎಂದು ಇಬ್ಬರೂ ಅಂದುಕೊಂಡರು. ಇದು ನಾಲ್ಕು ವರ್ಷ ನಡೆಯಿತು.

ಹೆಂಡಂದಿರಾದರೂ ಗುರುತು ಹಿಡಿದು ಹೇಳಬಾರದಿತ್ತೇ ಎಂದು ಗುರುಸಿದ್ಧ ತಡೆದ. ಗುರುತೇನೋ ಹಿಡಿದಿದ್ದರು, ಆದರೆ ಹೆಸರು ಊಹಿಸುವ ಹಕ್ಕು ಯಜಮಾನನಿಗೆ ಮಾತ್ರ. ಮೇಲಾಗಿ ವೇಷದವನು ಹೋದ ಮೇಲೆ ಅವನು ಯಾರೆಂದು ಆಡಿದರೆ ಆ ಮನೆಯ ದ್ರಾಕ್ಷಾರಸ ಹುಳಿಯಾಗುತ್ತದೆ ಎಂಬ ನಂಬಿಕೆ ಆ ಊರಿನಲ್ಲಿದೆ. ಇಬ್ಬರು ಗಂಡಸರ ಮೌನವನ್ನಾದರೂ ತಡೆದುಕೊಳ್ಳಬಹುದು, ಹುಳಿ ದ್ರಾಕ್ಷಾರಸವನ್ನು ವರ್ಷವಿಡೀ ಕುಡಿಯುವವರು ಯಾರು?

ಐದನೆಯ ವರ್ಷ ಸವೇರಿಯೊಗೆ ಸಾಕಾಗಿಹೋಯಿತು. ಹಬ್ಬದ ಮರುದಿನವೇ ಊರು ಬಿಟ್ಟು ಹೆಂಡತಿಯ ತವರಿಗೆ ಹೋಗಿ ನೆಲೆಸುವುದೆಂದು ತೀರ್ಮಾನಿಸಿದ. ಗಾಡಿ ಗೊತ್ತುಮಾಡಿದ. ವೇಷ ಕಟ್ಟದೆ ಮನೆಯಲ್ಲಿ ಕೂತು ಸಾಮಾನು ಕಟ್ಟತೊಡಗಿದ.

ಬ್ರೆಡ್ ಕೊಳ್ಳಲು ಬಂದವರ ಬಾಯಿಂದ ಅಣ್ಣನಿಗೆ ಈ ಸುದ್ದಿ ತಿಳಿಯಿತು. ಊರು ಬಿಡುವವನು ಒಮ್ಮೆ ಬಂದೇ ಬರುತ್ತಾನೆ, ಈ ಸಲ ನಾನು ಮನೆ ಬಿಟ್ಟು ಕದಲುವುದಿಲ್ಲ ಎಂದು ಅವನು ಬಾಗಿಲ ಎದುರಿಗೆ ಕುರ್ಚಿ ಹಾಕಿಕೊಂಡು ಕೂತ.

ಮಧ್ಯಾಹ್ನ ಹನ್ನೊಂದು ವೇಷಗಳು ಸಾಲಾಗಿ ಒಳಗೆ ಬಂದವು. ಅಣ್ಣ ಮೊದಲನೆಯವನನ್ನು ನೋಡಿ "ಸವೇರಿಯೊ" ಎಂದ. ಆ ವೇಷ ತಲೆಯಲ್ಲಾಡಿಸಿತು. ಅದು ಕಮ್ಮಾರ. ಎರಡನೆಯವನನ್ನೂ ಸವೇರಿಯೊ ಎಂದ. ಅದು ಅಂಚೆಯವನು. ಮೂರನೆಯವನು ಕುಂಟುತ್ತಿದ್ದ, ಸವೇರಿಯೊ ಎಂದೂ ಕುಂಟಿದವನಲ್ಲ, ಆದರೂ ಸವೇರಿಯೊ ಎಂದ. ಎಂಟನೆಯದು ಹೆಂಗಸಿನ ನಡಿಗೆ ಎಂದು ಕುರುಡನಿಗೂ ತಿಳಿಯುತ್ತಿತ್ತು. ಅವಳನ್ನೂ ಸವೇರಿಯೊ ಎಂದ. ಅಷ್ಟು ವರ್ಷ ನಾಲಿಗೆಗೆ ಬಾರದಿದ್ದ ಹೆಸರು ಆ ಹೊತ್ತು ಅವನಿಗೆ ಬೇರೊಂದು ಹೆಸರು ಬಾರದ ಹಾಗೆ ಮಾಡಿತ್ತು. ನಿಮ್ಮ ಅಂಗಡಿಗೆ ದಿನಾ ಬರುವವರ ಹೆಸರೂ ಮರೆತುಹೋಯಿತೇ ಎಂದು ಹೆಂಡತಿ ನಕ್ಕಳು. ಹನ್ನೊಂದನೆಯ ವೇಷ ತಲೆಯಲ್ಲಾಡಿಸುವ ಹೊತ್ತಿಗೆ ಅವಳ ನಗು ನಿಂತಿತ್ತು.

ವೇಷಗಳು ಕೆಳಗಿನ ಬೀದಿಗೆ ಇಳಿದವು. ಸವೇರಿಯೊನ ಮನೆ ಹೊಕ್ಕವು. ಸಾಮಾನು ಕಟ್ಟುತ್ತಿದ್ದ ಸವೇರಿಯೊ ಮೊದಲನೆಯದನ್ನು ನೋಡಿ, ಕಮ್ಮಾರ ಎಂದ. ಸರಿಯಾದ ಊಹೆ. ಕಮ್ಮಾರ ಮುಖವಾಡ ತೆಗೆಯಬೇಕಿತ್ತು. ತೆಗೆಯಲಿಲ್ಲ, ಅಲ್ಲ ಎಂದು ತಲೆಯಲ್ಲಾಡಿಸಿದ. ಆ ಊರಿನ ಹಬ್ಬದಲ್ಲಿ ಅಂಥ ಮೋಸವನ್ನು ಅದುವರೆಗೆ ಯಾರೂ ಮಾಡಿರಲಿಲ್ಲ. ಅಂಚೆಯವನೂ ಅಲ್ಲವೆಂದ. ಕುಂಟನೂ ಅಲ್ಲವೆಂದ. ಎಲ್ಲವೂ ಸವೇರಿಯೊ ಹುಟ್ಟಿದಾಗಿನಿಂದ ಕಂಡ ನಡಿಗೆಗಳು.

"ಹಾಗಾದರೆ ನೀವು ಯಾರು?" ಎಂದು ಕೇಳಿದ.

ಕಮ್ಮಾರ ಬೆರಳು ಚಾಚಿ ಸವೇರಿಯೊನ ಎದೆಯನ್ನು ಮುಟ್ಟಿದ. ಅಂಚೆಯವನೂ ಮುಟ್ಟಿದ. ಹನ್ನೊಂದು ಬೆರಳುಗಳು ಒಂದಾದ ಮೇಲೊಂದು ಅಲ್ಲಿಗೇ ಬಂದವು. ಮಾತಾಡಬಾರದವರು ಇನ್ನೇನು ತಾನೇ ಮಾಡಿಯಾರು?

ಇವರೆಲ್ಲ ಈಗ ಬಂದದ್ದು ಯಾವ ಬೀದಿಯಿಂದ, ಕೊನೆಗೆ ಹೊಕ್ಕು ಬಂದದ್ದು ಯಾರ ಮನೆ, ಅಲ್ಲಿ ಇವರಿಗೆಲ್ಲ ಸಿಕ್ಕ ಹೆಸರು ಯಾವುದು ಎಂದು ಸವೇರಿಯೊ ಯೋಚಿಸಿದ. ಆಮೇಲೆ ಕೈಯಲ್ಲಿದ್ದ ಹಗ್ಗವನ್ನು ಕೆಳಗೆ ಹಾಕಿ, ಟೊಪ್ಪಿಗೆಯನ್ನೂ ಇಡದೆ, ಹಿಮದಲ್ಲಿ ಮೆಟ್ಟಿಲು ಹತ್ತಿದ.

ಅಣ್ಣ ಕುರ್ಚಿಯಲ್ಲೇ ಇದ್ದ. ಬಾಗಿಲಲ್ಲಿ ಒಬ್ಬ ಬಂದು ನಿಂತದ್ದನ್ನು ನೋಡಿದ. ಹನ್ನೊಂದು ಸಲ ತಪ್ಪಿದವನಿಗೆ ಹನ್ನೆರಡನೆಯ ಸಲ ಕಣ್ಣನ್ನು ನಂಬುವ ಧೈರ್ಯವಿರಲಿಲ್ಲ.

"ಈ ಮುಖವಾಡವನ್ನು ಚೆನ್ನಾಗಿ ಕೆತ್ತಿದ್ದಾರೆ," ಎಂದ. "ಆದರೆ ನನ್ನ ಸವೇರಿಯೊಗೆ ಇಷ್ಟು ವಯಸ್ಸಾಗಿಲ್ಲ."

"ಆಗಿದೆ ಅಣ್ಣ," ಎಂದ ಸವೇರಿಯೊ.

ಅಷ್ಟೇ. ಚೌಕದಲ್ಲಿ ಹುಲ್ಲಿನ ರಾಜನಿಗೆ ಬೆಂಕಿ ಇಡುವಾಗ ಅವರಿಬ್ಬರೂ ಅಲ್ಲಿರಲಿಲ್ಲ. ಊಟ ಮಾಡುತ್ತಿದ್ದರು. ಗಾಡಿಯವನು ಮರುದಿನ ಬೆಳಿಗ್ಗೆ ಬಂದು ಬೈದು ಹೋದ.

ನಾನು ಕತೆ ನಿಲ್ಲಿಸಿದೆ. ಗುರುಸಿದ್ಧನ ಮುಖ ಮೊದಲಿಗಿಂತ ಹೆಚ್ಚು ಗೊಂದಲದಲ್ಲಿತ್ತು. ಅಣ್ಣ ಮಾತಾಡಿದ್ದು ಮುಖವಾಡದ ಜೊತೆಗೆ, ತಮ್ಮ ಕೊಟ್ಟದ್ದು ಬರೀ ಉತ್ತರ, ಹಾಗಾದರೆ ಮೊದಲು ಮಾತಾಡಿದವರು ಯಾರೆಂದು ಹಿಡಿಯಬೇಕು ಎಂದು ಕೇಳಿದ. ಹೇಸರಗತ್ತೆಯನ್ನು ಹೊಡೆದುಕೊಂಡು ಹೋದವನು ಯಾರೆಂಬುದನ್ನಾದರೂ ಹೇಳಿ, ತಪ್ಪು ಯಾರದೆಂದು ತಿಳಿಯಲಿ ಎಂದ. ನಾನೂ ಕಣ್ಣು ಮುಚ್ಚಿ ಹಿಂದೆ ಮುಂದೆ ಮಾಡಿ ನೋಡಿದೆ. ಒಮ್ಮೆ ಅಣ್ಣ ಅನಿಸಿತು, ಒಮ್ಮೆ ತಮ್ಮ. ಕೊನೆಗೆ ಎರಡೂ ಕಲಸಿಹೋಯಿತು.

ಗುರುಸಿದ್ಧ ಹೋಟೆಲಿನೊಳಗೆ ಕಾಲಿಟ್ಟಾಗಿನಿಂದ ಗಲ್ಲಾಪೆಟ್ಟಿಗೆಗೆ ಬೆನ್ನು ಹಾಕಿಯೇ ಕೂತಿದ್ದ. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೇಳಿದೆ:

"ಈ ಹೊತ್ತಿನ ಚಹಾ ನಿನ್ನ ಕಡೆಯಿಂದ. 'ಎರಡು ಚಹಾ, ಒಂದು ಗಿರಮಿಟ್' ಎಂದು ಗಲ್ಲಾದಲ್ಲಿ ಕೂತಿರುವ ನಿಮ್ಮಣ್ಣನಿಗೆ ಹೇಳಿ, ದುಡ್ಡು ಕೊಟ್ಟು ಬಾ."